ಕೆರೆ ಏರಿಯ ಮೇಲೆ ವಿಶ್ವ: ಒಂದು ಚಕೋತ, ಒಂದು ಹಿಡಿ ರಾಗಿ, ಮೂರು ಅಳತೆ

ಒಂದು ಕೋಟಿ ಕಿಲೋಮೀಟರಿಗೆ ಒಂದು ಮೀಟರ್. ಸೌರವ್ಯೂಹದ ಮಾದರಿ ಹಾಕಲು ಇದಕ್ಕಿಂತ ಸಲೀಸಾದ ಅಳತೆ ನನಗೆ ಸಿಕ್ಕಿಲ್ಲ. ನಮ್ಮ ಲಕ್ಷ-ಕೋಟಿ ಎಣಿಕೆಗೆ ಹೇಳಿ ಮಾಡಿಸಿದಂತಿದೆ: ಲಕ್ಷ ಕಿ.ಮೀ. ಅಂದರೆ 1 ಸೆಂಟಿಮೀಟರ್, ಹತ್ತು ಸಾವಿರ ಕಿ.ಮೀ. ಅಂದರೆ 1 ಮಿಲಿಮೀಟರ್. ಕ್ಯಾಲ್ಕುಲೇಟರ್ ಬೇಡ. ಸೂರ್ಯನ ಅಡ್ಡಗಲ 13.9 ಲಕ್ಷ ಕಿ.ಮೀ., ಆದ್ದರಿಂದ 13.9 ಸೆಂ.ಮೀ. ಭೂಮಿ ಸೂರ್ಯನಿಂದ 15 ಕೋಟಿ ಕಿ.ಮೀ., ಆದ್ದರಿಂದ 15 ಮೀಟರ್. ನೆಪ್ಚೂನ್ 450 ಕೋಟಿ ಕಿ.ಮೀ., ಅಂದರೆ 450 ಮೀಟರ್. ಅರ್ಧ ಕಿಲೋಮೀಟರ್ ನೆಟ್ಟಗಿರುವ ಜಾಗ ಇದ್ದರೆ ಕೆಲಸ ಆಯಿತು. ರಸ್ತೆಗಿಂತ ಕೆರೆ ಏರಿ ಮೇಲು. ಗಾಡಿಗಳ ಕಾಟ ಕಡಿಮೆ, ಮೇಲಿಂದ ಮೇಲೆ ಮರ ಅಡ್ಡ ಬರುವುದಿಲ್ಲ. ಏರಿ ಬಾಗಿದ್ದರೆ ಮಾತ್ರ ಬಿಟ್ಟುಬಿಡಿ. ಕೊನೆಯಲ್ಲಿ ನಿಂತವರಿಗೆ ಸೂರ್ಯ ಕಾಣಲೇಬೇಕು, ಮಾದರಿಯ ಜೀವ ಇರುವುದು ಅಲ್ಲೇ.

ಸೂರ್ಯನಿಗೆ ಚಕೋತ. ದೇವನಹಳ್ಳಿಯ ಕಡೆಯದೇ ಆಗಬೇಕೆಂದಿಲ್ಲ, ಸುತ್ತಳತೆ 44 ಸೆಂ.ಮೀ. ಇದ್ದರೆ ಸಾಕು. ಅಂಗಡಿಗೆ ಹೋಗುವಾಗ 44 ಸೆಂ.ಮೀ. ದಾರ ಕತ್ತರಿಸಿ ಜೇಬಿನಲ್ಲಿಟ್ಟುಕೊಳ್ಳಿ, ಕಣ್ಣಳತೆ ಇಲ್ಲಿ ಯಾವಾಗಲೂ ಮೋಸ. ಫುಟ್‌ಬಾಲ್, ವಾಲಿಬಾಲ್ ನಡೆಯುವುದಿಲ್ಲ. ಅವು 21-22 ಸೆಂ.ಮೀ., ಸೂರ್ಯನ ಒಂದೂವರೆ ಪಟ್ಟು. ಚಕೋತದ ಹಸಿರು-ಹಳದಿ ಬಣ್ಣ ದೂರದಿಂದ ಗಿಡಮರದಲ್ಲಿ ಕಲಸಿಹೋಗುತ್ತದೆ. ಕಿತ್ತಳೆ ಬಣ್ಣದ ಕಾಗದ ಸುತ್ತಿ, ಎದೆಮಟ್ಟದ ಕೋಲಿನ ತುದಿಗೆ ಸಿಕ್ಕಿಸಿ, ಹಿಂದೆ ಕಪ್ಪು ಬಟ್ಟೆ ಕಟ್ಟಬೇಕು.

ಉಳಿದದ್ದೆಲ್ಲ ಅಡಿಗೆಮನೆಯಲ್ಲೇ ಇದೆ. ಭೂಮಿ 1.27 ಮಿ.ಮೀ., ಶುಕ್ರ 1.21: ಎರಡಕ್ಕೂ ರಾಗಿ, ಕಾಳು ಸಣ್ಣದನ್ನೇ ಆರಿಸಿ. ಮಂಗಳ 0.68: ಗಸಗಸೆ. ಬುಧ 0.49: ಚಿರೋಟಿ ರವೆಯ ಒಂದು ಹರಳು. ಚಂದ್ರ 0.35: ಅದೇ ರವೆಯಲ್ಲಿ ಇನ್ನೂ ಸಣ್ಣ ಹರಳು. ಯುರೇನಸ್ 5.1, ನೆಪ್ಚೂನ್ 4.95: ಎರಡು ಕರಿಮೆಣಸು. ಗುರುವಿಗೆ 14.3 ಮಿ.ಮೀ. ಬೇಕು. ಅಂಗಡಿ ಗೋಲಿ ಸಾಮಾನ್ಯವಾಗಿ 16 ಇರುತ್ತದೆ, ಹಾಗಾಗಿ ಜೇಡಿಮಣ್ಣಿನ ಉಂಡೆಯೇ ವಾಸಿ. ಮಣ್ಣು ಒಣಗುವಾಗ ಕುಗ್ಗುತ್ತದೆ. ಹಸಿಯಲ್ಲಿ 15.5ರಷ್ಟು ಮಾಡಿ, ನೆರಳಲ್ಲಿ ಎರಡು ದಿನ ಒಣಗಿಸಿದರೆ ಹತ್ತಿರ ಬರುತ್ತದೆ. ಬಿಸಿಲಿಗಿಟ್ಟರೆ ಸೀಳು ಬಿಡುತ್ತದೆ. ಶನಿಯೂ ಮಣ್ಣುಂಡೆಯೇ, 12 ಮಿ.ಮೀ. ಅದರ ಉಂಗುರದ ಹೊರ ಅಂಚು 27 ಮಿ.ಮೀ., ಸರಿಯಾಗಿ ಹತ್ತು ರೂಪಾಯಿ ನಾಣ್ಯದಷ್ಟು. ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಮೇಲೆ ನಾಣ್ಯ ಇಟ್ಟು ಗೆರೆ ಎಳೆದು ಕತ್ತರಿಸಿ, ನಡುವೆ 12 ಮಿ.ಮೀ. ತೂತು ಮಾಡಿ ಉಂಡೆಯನ್ನು ಕೂರಿಸಿ. ಉಂಡೆಯ ಪಕ್ಕದ 3 ಮಿ.ಮೀ. ಹಾಗೇ ಬಿಟ್ಟು, ಆಚೆಯ ನಾಲ್ಕೂವರೆ ಮಿ.ಮೀ. ಪಟ್ಟಿಗೆ ಬಿಳಿ ಬಣ್ಣ ಹಚ್ಚಿ. ಹೆಚ್ಚಿನವರು ಉಂಗುರವನ್ನು ಗ್ರಹಕ್ಕೇ ಅಂಟಿಸಿಬಿಡುತ್ತಾರೆ, ಹೊಳೆಯುವ ಉಂಗುರಕ್ಕೂ ಗ್ರಹಕ್ಕೂ ನಡುವೆ ಇರುವ ಈ ತೆರಪು ಕಾಣೆಯಾಗುತ್ತದೆ.

ಕಾಳುಗಳನ್ನು ಬಿಡಿಯಾಗಿ ಕೈಗೆ ಕೊಡಬೇಡಿ. ಗಾಳಿಗೆ ಹಾರುತ್ತವೆ, ನೆಲಕ್ಕೆ ಬಿದ್ದರೆ ಇರುವೆ ಹೊತ್ತೊಯ್ಯುತ್ತದೆ. ಪೋಸ್ಟ್‌ಕಾರ್ಡ್ ಅಳತೆಯ ರಟ್ಟಿಗೆ ಕಪ್ಪು ಕಾಗದ ಅಂಟಿಸಿ, ಸೂಜಿಮೊನೆಯಷ್ಟು ಫೆವಿಕಾಲ್ ಇಟ್ಟು ಅದರ ಮೇಲೆ ಕೂರಿಸಿ. ಅಂಟು ಹೆಚ್ಚಾದರೆ ಒಣಗಿದ ಮೇಲೆ ಅಂಟೇ ಬುಧನಿಗಿಂತ ದೊಡ್ಡದಾಗಿ ಕಾಣುತ್ತದೆ. ಭೂಮಿ ಮತ್ತು ಚಂದ್ರ ಮಾತ್ರ ಒಂದೇ ರಟ್ಟಿನಲ್ಲಿ, ನಡುವೆ 3.8 ಸೆಂ.ಮೀ. ಮನುಷ್ಯ ಕಾಲಿಟ್ಟು ಬಂದ ಅತಿ ದೂರದ ನೆಲ ಆ ರವೆ ಹರಳು. ಬಾಹ್ಯಾಕಾಶ ನಿಲ್ದಾಣ ರಾಗಿ ಸಿಪ್ಪೆಯಿಂದ 0.04 ಮಿ.ಮೀ. ಮೇಲೆ, ಕೂದಲಿನ ದಪ್ಪವೂ ಅಲ್ಲ. ಅದೇ ರಟ್ಟಿನ ಹಿಂದೊಂದು ಕಡ್ಡಿ ಕಟ್ಟಿ, ಸೂರ್ಯನ ಕಡೆಗೆ 15 ಸೆಂ.ಮೀ. ಚಾಚಿಸಿ ತುದಿಗೆ ಕೆಂಪು ಚುಕ್ಕೆ ಇಡಿ. ಅದು ಸೂರ್ಯನನ್ನು ಗಮನಿಸುವ ಇಸ್ರೋ ನೌಕೆ ಆದಿತ್ಯ-ಎಲ್1 ಇರುವ ಜಾಗ, 15 ಲಕ್ಷ ಕಿ.ಮೀ. ‘ಸೂರ್ಯನ ಹತ್ತಿರ ಹೋಗಿದೆ’ ಎಂದು ಸುದ್ದಿಯಲ್ಲಿ ಕೇಳಿದವರು 15 ಮೀಟರಿನಲ್ಲಿ ಆ 15 ಸೆಂಟಿಮೀಟರನ್ನು ಒಮ್ಮೆ ನೋಡಬೇಕು.

ಇನ್ನು ದೂರಗಳು. ಚಕೋತದಿಂದ ಬುಧ 5.8 ಮೀಟರ್, ಶುಕ್ರ 10.8, ಭೂಮಿ 15, ಮಂಗಳ 22.8, ಗುರು 78, ಶನಿ 143, ಯುರೇನಸ್ 287, ನೆಪ್ಚೂನ್ 450. ಇವು ಸರಾಸರಿ. ಬುಧ 4.6ರಿಂದ 7 ಮೀಟರಿನವರೆಗೆ ಓಲಾಡುತ್ತದೆ. ಮಂಗಳದವರೆಗೆ ಟೇಪಿನಲ್ಲೇ ಅಳೆಯಿರಿ. ಮೊಬೈಲಿನ ಜಿಪಿಎಸ್ ಐದು-ಹತ್ತು ಮೀಟರ್ ಆಚೀಚೆ ತೋರಿಸುತ್ತದೆ, ನೆಪ್ಚೂನಿಗೆ ಪರವಾಗಿಲ್ಲ, ಬುಧನಿಗೆ ಉಪಯೋಗಕ್ಕೆ ಬರುವುದಿಲ್ಲ. ಹೆಜ್ಜೆ ಲೆಕ್ಕ ಇನ್ನೂ ಕೆಟ್ಟದ್ದು. ಮುಕ್ಕಾಲು ಮೀಟರಿನ 600 ಹೆಜ್ಜೆಯಲ್ಲಿ ಪ್ರತಿ ಹೆಜ್ಜೆ 5 ಸೆಂ.ಮೀ. ತಪ್ಪಿದರೆ ಕೊನೆಗೆ 30 ಮೀಟರ್ ತಪ್ಪುತ್ತದೆ. ನೈಲಾನ್ ಹಗ್ಗ ಎಳೆದಷ್ಟೂ ಹಿಗ್ಗುತ್ತದೆ. ದೂರದ ಗ್ರಹಗಳಿಗೆ ನಾನು ನಂಬುವುದು ಸೈಕಲ್ ಚಕ್ರವನ್ನು. ಕಡ್ಡಿಗೆ ಕೆಂಪು ಬಟ್ಟೆ ಕಟ್ಟಿ, ಹತ್ತು ಸುತ್ತು ಉರುಳಿಸಿ, ಆ ದೂರವನ್ನು ಟೇಪಿನಲ್ಲಿ ಅಳೆದು ಹತ್ತರಿಂದ ಭಾಗಿಸಿದರೆ ನಿಮ್ಮ ಚಕ್ರದ ಅಳತೆ ಸಿಗುತ್ತದೆ. 26 ಇಂಚಿನದಾದರೆ 2.07 ಮೀಟರಿನ ಆಸುಪಾಸು. 217 ಸುತ್ತಿಗೆ ನೆಪ್ಚೂನ್. ಟೈರಿಗೆ ಗಾಳಿ ಕಡಿಮೆ ಇದ್ದರೆ ಲೆಕ್ಕ ಕೆಡುತ್ತದೆ, ಮೊದಲೇ ಹೊಡೆಸಿಕೊಳ್ಳಿ.

ಎಲ್ಲ ಸರಿಯಾಗಿ ಕೂತಿದೆಯೇ ಎಂದು ತಿಳಿಯಲು ಒಂದು ಪರೀಕ್ಷೆ ಇದೆ. ಭೂಮಿಯ ರಟ್ಟಿನ ಪಕ್ಕ ನಿಂತು ಚಕೋತ ನೋಡಿ. ಆಕಾಶದ ಸೂರ್ಯ ಎಷ್ಟು ದೊಡ್ಡದಾಗಿ ಕಾಣುತ್ತಾನೋ ಅಷ್ಟೇ ಕಾಣಬೇಕು, ಅರ್ಧ ಡಿಗ್ರಿ. ಹೋಲಿಸಲು ಸೂರ್ಯನನ್ನು ಬರಿಗಣ್ಣಲ್ಲಿ ನೋಡಬೇಡಿ, ಹುಣ್ಣಿಮೆ ಚಂದ್ರನೂ ಅಷ್ಟೇ ಗಾತ್ರ, ಅದನ್ನು ನೆನಪಿಗೆ ತಂದುಕೊಳ್ಳಿ. ಕೈ ನೀಟಾಗಿ ಚಾಚಿದರೆ ಕಿರುಬೆರಳ ಉಗುರಿನ ಹಿಂದೆ ಎರಡೂ ಅಡಗುತ್ತವೆ. ಅದೇ ಚಕೋತ ನೆಪ್ಚೂನಿನಿಂದ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ. ಬರಿಗಣ್ಣು ಆಕಾರ ಗುರುತಿಸುವ ಗಡಿ ಅದೇ. ಅಲ್ಲಿಂದ ಸೂರ್ಯ ಹಣ್ಣಲ್ಲ, ಬರೀ ಕಿತ್ತಳೆ ಚುಕ್ಕೆ.

ಬೆಳಕಿಗೂ ಇಲ್ಲಿ ವೇಗ ಇದೆ: ಸೆಕೆಂಡಿಗೆ ಮೂರು ಲಕ್ಷ ಕಿ.ಮೀ., ಅಂದರೆ 3 ಸೆಂ.ಮೀ. ಇರುವೆ ಓಡಿದಷ್ಟು. ಶಾಲೆಯ 30 ಸೆಂ.ಮೀ. ಸ್ಕೇಲಿನ ಮೇಲೆ ಹತ್ತು ಸೆಕೆಂಡಿನಲ್ಲಿ ಬೆರಳು ಜಾರಿಸಿದರೆ ಬೆಳಕು. ಚಕೋತದಿಂದ ರಾಗಿಗೆ ಬರಲು 8 ನಿಮಿಷ 20 ಸೆಕೆಂಡ್. ಇದನ್ನು ಬಾಯಲ್ಲಿ ಹೇಳುವುದಕ್ಕಿಂತ, ನೆಲದ ಮೇಲೆ 90 ಸೆಂ.ಮೀ.ಗೊಂದು ಸುಣ್ಣದ ಗೆರೆ ಹಾಕಿ, ಒಬ್ಬರನ್ನು ಅರ್ಧ ನಿಮಿಷಕ್ಕೊಂದು ಗೆರೆಯಂತೆ ನಡೆಯಲು ಬಿಟ್ಟು ಉಳಿದ ವಿವರ ಹೇಳುತ್ತಿರಿ. ನೆಪ್ಚೂನಿಗೆ ಹೀಗೇ ನಡೆದರೆ ನಾಲ್ಕು ಗಂಟೆಗೂ ಮೇಲೆ. ಅದನ್ನು ಯಾರೂ ಮಾಡುವುದಿಲ್ಲ, ಮಾಡಬೇಕಾಗಿಯೂ ಇಲ್ಲ.

ಗ್ರಹಗಳು ಸಾಲಾಗಿ ನಿಂತಿರುತ್ತವೆ ಎಂಬ ತಪ್ಪು ತಿಳಿವಳಿಕೆ ಈ ಮಾದರಿಯಿಂದ ಖಂಡಿತ ಹುಟ್ಟುತ್ತದೆ. ಮೊದಲ ನಾಲ್ಕನ್ನಾದರೂ ಮೈದಾನದಲ್ಲಿ ವೃತ್ತ ಎಳೆದು ಬೇರೆಬೇರೆ ದಿಕ್ಕಿಗಿಡಿ. ರಾಗಿ ಮತ್ತು ಗಸಗಸೆ ಕೆಲವೊಮ್ಮೆ 5.5 ಮೀಟರಿನಷ್ಟು ಹತ್ತಿರ, ಕೆಲವೊಮ್ಮೆ ಚಕೋತದ ಆಚೆಬದಿಗೆ 40 ಮೀಟರ್ ದೂರ. ಮಂಗಳಕ್ಕೆ ಹೊರಡುವ ನೌಕೆಗಳು ಸುಮಾರು 26 ತಿಂಗಳಿಗೊಮ್ಮೆ ಬರುವ ಅನುಕೂಲಕ್ಕೆ ಕಾಯುವುದು ಇದರಿಂದಲೇ. ಪಂಚಾಂಗ ನೋಡಿ ದಿಕ್ಕು ಹಾಕಲು ಹೋಗಬೇಡಿ. ಅದರಲ್ಲಿರುವುದು ಭೂಮಿಯಿಂದ ಕಾಣುವ ಸ್ಥಾನ, ಸೂರ್ಯನಿಂದಲ್ಲ.

ನೆಪ್ಚೂನ್ ದಾಟಿದ ಮೇಲೆ? 1977ರಲ್ಲಿ ಹೊರಟ ನಾಸಾ ನೌಕೆ ವಾಯೇಜರ್-1 ಈ ಅಳತೆಯಲ್ಲಿ ಚಕೋತದಿಂದ ಎರಡೂವರೆ ಕಿ.ಮೀ. ಆಚೆ, ಬಹುಶಃ ಪಕ್ಕದ ಊರಿನ ಹೊಲದಲ್ಲಿದೆ. ವರ್ಷಕ್ಕೆ 54 ಮೀಟರ್ ಸಾಗುತ್ತದೆ. ಸೂರ್ಯನಿಗೆ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ ನೆಲ್ಲಿಕಾಯಿಯಷ್ಟು, 2 ಸೆಂ.ಮೀ. ಅದನ್ನಿಡಬೇಕಾದ್ದು 4,000 ಕಿ.ಮೀ. ದೂರಕ್ಕೆ. ಬೆಂಗಳೂರಿನ ಬಳಿ ಚಕೋತ ಇದ್ದರೆ ನೆಲ್ಲಿಕಾಯಿ ಹಾಂಗ್‌ಕಾಂಗ್‌ನಲ್ಲಿ. ನಡುವೆ ಧೂಳು, ಧೂಮಕೇತುಗಳ ಚೂರು ಬಿಟ್ಟರೆ ಬರಿದು. ವಾಯೇಜರ್ ವೇಗದಲ್ಲಿ ಅಲ್ಲಿಗೆ 75 ಸಾವಿರ ವರ್ಷ, ಅದೂ ಆ ದಿಕ್ಕಿಗೇ ಹೊರಟಿದ್ದರೆ.

ಇಲ್ಲಿಗೆ ಈ ಅಳತೆ ಸೋಲುತ್ತದೆ. ನಮ್ಮ ಆಕಾಶಗಂಗೆಯನ್ನೂ ಇದರಲ್ಲೇ ಹೇಳಹೊರಟರೆ ಮಾದರಿಯೇ ಒಂಬತ್ತೂವರೆ ಕೋಟಿ ಕಿ.ಮೀ. ಆಗುತ್ತದೆ. ಹಳೆಯ ಅಳತೆಯನ್ನು ಎಳೆದಾಡದೆ ಕೈಬಿಟ್ಟು, ‘ಈಗ ಹೊಸ ಅಳತೆ’ ಎಂದು ಗಟ್ಟಿಯಾಗಿ ಹೇಳಿ, ಹಳೆಯ ರಟ್ಟುಗಳನ್ನೆಲ್ಲ ಎತ್ತಿಟ್ಟು ಮುಂದಕ್ಕೆ ಹೋಗಿ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡರೆ ನೋಡುವವರಿಗೆ ಗೊಂದಲ.

ಎರಡನೆಯದು: ಒಂದು ಜ್ಯೋತಿರ್ವರ್ಷಕ್ಕೆ, ಅಂದರೆ ಬೆಳಕು ಒಂದು ವರ್ಷದಲ್ಲಿ ಸಾಗುವ ದೂರಕ್ಕೆ, 1 ಮಿಲಿಮೀಟರ್. ಆಕಾಶಗಂಗೆ 100 ಮೀಟರ್ ಅಗಲ, ತಟ್ಟೆಯ ದಪ್ಪ ಸುಮಾರು 1 ಮೀಟರ್. ಮೈದಾನದ ನಡುವೆ ಗೂಟ ಹೊಡೆದು 50 ಮೀಟರ್ ಹಗ್ಗದಿಂದ ಸುಣ್ಣದ ವೃತ್ತ ಎಳೆಯಿರಿ. ಗೂಟದಿಂದ 26 ಮೀಟರಿಗೆ ಒಂದು ಕಡ್ಡಿ, ಅದು ನಾವು. ನೆಪ್ಚೂನಿನವರೆಗಿನ ಸೌರವ್ಯೂಹವೆಲ್ಲ ಈಗ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು, ಸೂಕ್ಷ್ಮದರ್ಶಕ ಬೇಕು. ಮಳೆ ಲೆಕ್ಕಕ್ಕೆ ನಾವು ಬಳಸುವ ನಕ್ಷತ್ರಗಳನ್ನು ಕಡ್ಡಿಯ ಸುತ್ತ ಇಟ್ಟು ನೋಡಿ: ಸ್ವಾತಿ 3.7 ಸೆಂ.ಮೀ., ರೋಹಿಣಿ 6.5, ಮಘೆ 8, ಚಿತ್ತೆ ಗೇಣಿಗಿಂತ ತುಸು ಹೆಚ್ಚು, ಕೃತ್ತಿಕೆ ಒಂದು ಮೊಳ. ಬರಿಗಣ್ಣಿಗೆ ಕಾಣುವ ಹೆಚ್ಚಿನ ನಕ್ಷತ್ರಗಳು ಮನೆ ಮುಂದಿನ ದೊಡ್ಡ ರಂಗೋಲಿಯೊಳಗೆ ಮುಗಿದುಹೋಗುತ್ತವೆ. ಮನುಷ್ಯನ ರೇಡಿಯೊ ದನಿ ಎಷ್ಟು ದೂರ ಹೋಗಿರಬಹುದು? 1935ರಲ್ಲಿ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿ ಶುರುಮಾಡಿದ ‘ಆಕಾಶವಾಣಿ’ಯ ಅಲೆ ಹೊರಟಿದ್ದರೆ ಈಗ 9 ಸೆಂ.ಮೀ. ಆಗಿರುತ್ತಿತ್ತು. ಅಂದಿನ ಅಲೆ, ರೇಡಿಯೊ ಅಲೆಗಳನ್ನು ಹಿಂದಕ್ಕೆ ತಿರುಗಿಸುವ ಮೇಲಿನ ಪದರವಾದ ಅಯಾನುಗೋಳ ದಾಟಿ ಹೊರಬಿತ್ತೋ ಇಲ್ಲವೋ, ಅದು ಬೇರೆ ಮಾತು.

ನಮ್ಮ ಆಕಾಶಗಂಗೆಯಂಥದೇ ಇನ್ನೊಂದು ನಕ್ಷತ್ರಗಳ ಮಹಾಗುಂಪು (ಗೆಲಾಕ್ಸಿ) ಆಂಡ್ರೊಮಿಡಾ ಈ ಅಳತೆಯಲ್ಲಿ ಎರಡೂವರೆ ಕಿ.ಮೀ. ಅದರಾಚೆಗೆ ಮತ್ತೆ ಸೋಲು, ಮತ್ತೆ ಹೊಸ ಅಳತೆ: ಲಕ್ಷ ಜ್ಯೋತಿರ್ವರ್ಷಕ್ಕೆ 1 ಮಿಲಿಮೀಟರ್. ಇಡೀ ಆಕಾಶಗಂಗೆ ಈಗ ಒಂದು ರಾಗಿ ಕಾಳು. ಮೊದಲು ಭೂಮಿಯಾಗಿದ್ದ ಅದೇ ಕಾಳನ್ನು ಬಳಸಿದರೂ ಅಡ್ಡಿಯಿಲ್ಲ. ಆಂಡ್ರೊಮಿಡಾ ಅದಕ್ಕಿಂತ ತುಸು ದಪ್ಪ ಕಾಳು, ಎರಡೂವರೆ ಸೆಂ.ಮೀ. ಆಚೆ. ಕನ್ಯಾ ರಾಶಿಯ ಗೆಲಾಕ್ಸಿ ಗುಂಪು ಅರ್ಧ ಮೀಟರ್ ದಾಟಿದರೆ. ಇಲ್ಲಿ ಒಂದು ವಿಷಯ ತಪ್ಪದೆ ತೋರಿಸಬೇಕು. ನಕ್ಷತ್ರಗಳ ನಡುವಿನ ತೆರಪು ಅವುಗಳ ಗಾತ್ರದ ಕೋಟಿಗಟ್ಟಲೆ ಪಟ್ಟು, ಚಕೋತದಿಂದ ನೆಲ್ಲಿಕಾಯಿಗೆ ಸುಮಾರು ಮೂರು ಕೋಟಿ ಚಕೋತ ಸಾಲಾಗಿಡಬೇಕು. ಗೆಲಾಕ್ಸಿಗಳ ನಡುವೆ 25 ರಾಗಿ ಸಾಕು. ಆದ್ದರಿಂದಲೇ ಗೆಲಾಕ್ಸಿಗಳು ಒಂದಕ್ಕೊಂದು ಢಿಕ್ಕಿ ಹೊಡೆಯುತ್ತವೆ, ಆಗಲೂ ಅವುಗಳೊಳಗಿನ ನಕ್ಷತ್ರಗಳು ತಾಗದೆ ಹಾದುಹೋಗುತ್ತವೆ.

ಕಾಣಬಲ್ಲ ವಿಶ್ವದ ಅಂಚು 4,650 ಕೋಟಿ ಜ್ಯೋತಿರ್ವರ್ಷ, ಅಂದರೆ ನಮ್ಮ ರಾಗಿಯಿಂದ 465 ಮೀಟರ್. ಬೆಳಿಗ್ಗೆ ನೆಪ್ಚೂನ್ ನಿಂತಿದ್ದ ಜಾಗದಿಂದ ಇಪ್ಪತ್ತು ಹೆಜ್ಜೆ. ಅದೇ ಏರಿ ಸಾಲುತ್ತದೆ. ವಿಶ್ವದ ವಯಸ್ಸು 1,380 ಕೋಟಿ ವರ್ಷ, ಹಾಗಿದ್ದರೆ 138 ಮೀಟರ್ ಆಗಬೇಕಲ್ಲ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಒಂದು ರಬ್ಬರ್ ಪಟ್ಟಿ ಇಟ್ಟುಕೊಂಡಿರಿ. ಪಟ್ಟಿಯ ಮೇಲೆ ಇರುವೆ ನಡೆಯುತ್ತಿರುವಾಗಲೇ ಪಟ್ಟಿಯನ್ನು ಎಳೆಯುತ್ತಿದ್ದರೆ, ಅದು ತಲುಪುವ ಹೊತ್ತಿಗೆ ಹೊರಟ ಜಾಗ ಅದು ನಡೆದದ್ದಕ್ಕಿಂತ ಬಹಳ ದೂರ ಸರಿದಿರುತ್ತದೆ.

465ನೇ ಮೀಟರಿನಲ್ಲಿ ಹಲಗೆ ನೆಡುವುದಾದರೆ ‘ವಿಶ್ವದ ಕೊನೆ’ ಎಂದು ಬರೆಯಬೇಡಿ. ಅದು ಗೋಡೆಯಲ್ಲ. ಅಲ್ಲಿ ಕೂತವರಿಗೆ ಅವರ ಸುತ್ತಲೂ ಇನ್ನೊಂದು 465 ಮೀಟರ್ ಕಾಣುತ್ತದೆ. ‘ಇಲ್ಲಿಯವರೆಗಿನ ಬೆಳಕು ನಮಗೆ ಬಂದು ಮುಟ್ಟಿದೆ’ ಎಂದು ಬರೆದರೆ ಸಾಕು. ಹಲಗೆಗಿಂತ ಸುಣ್ಣದ ಗೆರೆಯೇ ಉತ್ತಮ, ದಾಟಿ ಹೋಗಲು ಅಡ್ಡಿಯಾಗುವುದಿಲ್ಲ.