ಗ್ರಾಮಸಭೆಗೆ ಜನ ಮತ್ತೆ ಬರಬೇಕಾದರೆ

ಕರ್ನಾಟಕದ 1993ರ ಪಂಚಾಯತ್ ರಾಜ್ ಕಾಯ್ದೆಯಂತೆ ವಾರ್ಡ್ ಸಭೆ, ಗ್ರಾಮಸಭೆಗಳನ್ನು ಕನಿಷ್ಠ ಆರು ತಿಂಗಳಿಗೊಮ್ಮೆ ನಡೆಸಲೇಬೇಕು. ಆದರೆ ಕೋರಂ, ಅಂದರೆ ಸಭೆಗೆ ಬೇಕಾದ ಕನಿಷ್ಠ ಹಾಜರಾತಿ, ತುಂಬಿದ ಮಾತ್ರಕ್ಕೆ ಪಂಚಾಯ್ತಿಯ ಮೇಲೆ ನಂಬಿಕೆ ಹುಟ್ಟುವುದಿಲ್ಲ. ಕಳೆದ ಸಭೆಯಲ್ಲಿ ಹೇಳಿಕೊಂಡದ್ದು ಏನಾಯಿತೆಂದು ಯಾರೂ ತಿಳಿಸದಿದ್ದಾಗಲೇ ಜನ ಸಭೆಯಿಂದ ದೂರ ಸರಿಯುತ್ತಾರೆ ಎಂಬುದು ನಾನು ಕಂಡುಕೊಂಡದ್ದು. ಹಾಗಾಗಿ ಸದಸ್ಯರೂ ಪಂಚಾಯ್ತಿ ಅಭಿವೃದ್ಧಿ ಅಧಿಕಾರಿಗಳೂ (ಪಿಡಿಒ) ಕೆಲಸವನ್ನು ಅಲ್ಲಿಂದಲೇ ಆರಂಭಿಸಬೇಕು.

ಸಭೆಗೆ ಹದಿನೈದು ದಿನ ಮುಂಚೆ ಹಿಂದಿನ ನಡವಳಿ ಪುಸ್ತಕವನ್ನು ತೆರೆದು, ಪ್ರತಿ ಬೇಡಿಕೆಯ ಮುಂದೆ ‘ಮುಗಿದಿದೆ’, ‘ನಡೆಯುತ್ತಿದೆ’, ‘ಆಗುವುದಿಲ್ಲ’ ಎಂಬ ಮೂರರಲ್ಲಿ ಒಂದನ್ನು ಬರೆಯಿರಿ. ‘ಪರಿಶೀಲನೆಯಲ್ಲಿದೆ’ ಎಂಬ ಮಾತನ್ನು ದಯವಿಟ್ಟು ಬಿಟ್ಟುಬಿಡಿ. ಆಗದ ಕೆಲಸಕ್ಕೆ ಕಾರಣ ಹೇಳಿ: ಜಾಗ ಅರಣ್ಯ ಇಲಾಖೆಯದೋ, ರಸ್ತೆ ಲೋಕೋಪಯೋಗಿ ಇಲಾಖೆಯದೋ, ಇರುವ ಅನುದಾನ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕಷ್ಟೇ ಮೀಸಲೋ ಎಂಬುದು ಊರಿಗೆ ಗೊತ್ತಾಗಲಿ. ಒಂದು ಊರಿನಲ್ಲಿ ವೃದ್ಧೆಯೊಬ್ಬರು ಮನೆ ಮುಂದೆ ನಿಲ್ಲುವ ಚರಂಡಿ ನೀರಿನ ಬಗ್ಗೆ ಮೂರನೆಯ ಸಭೆಯಲ್ಲೂ ಎದ್ದು ನಿಂತರು. ಅಂದಾಜುಪಟ್ಟಿ ಸಿದ್ಧವಿದ್ದರೂ ಇಬ್ಬರು ಜಾಗ ಬಿಡದ ಕಾರಣ ಕೆಲಸ ನಿಂತಿದೆ ಎಂದು ಕಾರ್ಯದರ್ಶಿ ಪುಸ್ತಕ ನೋಡಿ ಓದಿದಾಗ, ಆ ಇಬ್ಬರೂ ಅಲ್ಲೇ ಕುಳಿತಿದ್ದರು. ಮಾತುಕತೆ ಅಂದೇ ಶುರುವಾಯಿತು.

ವಾರ್ಡ್ ಸಭೆಯನ್ನು ಕೂಲಿಗೆ ಹೋದವರು ಮರಳುವ ಹೊತ್ತಿಗೆ, ಕೇರಿಯೊಳಗೇ ನಡೆಸಿ. ಬೆಳಗ್ಗೆ ಹನ್ನೊಂದಕ್ಕೆ ಪಂಚಾಯ್ತಿ ಕಚೇರಿಯಲ್ಲಿ ಕರೆದರೆ ಬರುವವರು ಯಾರೆಂಬುದು ಎಲ್ಲರಿಗೂ ಗೊತ್ತಿದೆ. ವಸತಿ ಫಲಾನುಭವಿಗಳ ಪಟ್ಟಿಯನ್ನು ಅಲ್ಲೇ ಗಟ್ಟಿಯಾಗಿ ಓದಿ ಆಕ್ಷೇಪಗಳನ್ನು ಬರೆದುಕೊಳ್ಳಿ. ಖಾಲಿ ಹಾಳೆಗೆ ಮೊದಲೇ ಸಹಿ ಪಡೆಯುವುದು ಜನರಿಗೆ ಬಗೆಯುವ ದ್ರೋಹ. ನಿರ್ಣಯ ಬರೆದು, ಓದಿ ಹೇಳಿದ ನಂತರವೇ ಸಹಿ ಹಾಕಿಸಿ.

ಹಣದ ವಿಷಯಕ್ಕೆ ಜಮಾಬಂದಿಯೇ, ಅಂದರೆ ಪಂಚಾಯ್ತಿಯ ವರ್ಷದ ಲೆಕ್ಕ ಮತ್ತು ಕಾಮಗಾರಿಗಳ ಪರಿಶೀಲನೆಯೇ, ತಕ್ಕ ಸಂದರ್ಭ. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ನಡೆಯುವ ಇದನ್ನು ಕಚೇರಿಯೊಳಗೆ ಮುಗಿಸದೆ, ಅಳತೆ ಪುಸ್ತಕ ಮತ್ತು ಟೇಪು ಹಿಡಿದು ಊರವರೊಂದಿಗೆ ಕಾಮಗಾರಿಯ ಬಳಿಗೆ ಹೋಗಿ. ಸಿಮೆಂಟ್ ರಸ್ತೆಯ ಉದ್ದವನ್ನು ಯುವಕರೇ ಅಳೆಯಲಿ, ಪುಸ್ತಕದ ಅಂಕಿಯನ್ನು ಸ್ವಸಹಾಯ ಸಂಘದ ಮಹಿಳೆಯೊಬ್ಬರು ಓದಲಿ. ವ್ಯತ್ಯಾಸ ಕಂಡರೆ ಅದನ್ನು ವರದಿಯಲ್ಲಿ ಇದ್ದಂತೆಯೇ ದಾಖಲಿಸಿ.

ಸಭೆ ಮುಗಿದ ವಾರದೊಳಗೆ ನಡವಳಿಯ ಪ್ರತಿಗಳನ್ನು ಹಾಲಿನ ಡೇರಿ, ನ್ಯಾಯಬೆಲೆ ಅಂಗಡಿ, ಅಂಗನವಾಡಿಗಳ ಗೋಡೆಗೆ ಅಂಟಿಸಿ. ಪ್ರತಿ ಕೆಲಸದ ಎದುರು ಹೊಣೆ ಹೊತ್ತ ಸದಸ್ಯರ ಹೆಸರೂ ಮುಂದಿನ ಸಭೆಯ ದಿನಾಂಕವೂ ಇರಲಿ.