ಹಾಸನದ ಬೀದಿಗೆ ಒಗ್ಗುವ ಪುಟ್ಟ ಸ್ಟ್ರೋಲರ್ ಆರಿಸುವುದು ಹೇಗೆ

ಹಾಸನದಂಥ ಊರಿನಲ್ಲಿ ಸ್ಟ್ರೋಲರನ್ನು ತಳ್ಳುವಷ್ಟೇ ಸಲ ಎತ್ತಿಕೊಂಡೂ ಹೋಗಬೇಕಾಗುತ್ತದೆ. ಮನೆ ಮೊದಲ ಮಹಡಿಯಲ್ಲಿದ್ದು ಲಿಫ್ಟ್ ಇರುವುದಿಲ್ಲ. ಗೇಟಿನ ಮುಂದೆ ಚರಂಡಿ, ಅದರ ಮೇಲೊಂದು ಚಪ್ಪಡಿ. ಆಟೊ ಹತ್ತುವಾಗ ಮಡಚಬೇಕು, ಇಳಿದ ಮೇಲೆ ಬಿಚ್ಚಬೇಕು. ಹಾಗಾಗಿ ಕೊಳ್ಳುವ ಮುಂಚೆ ಎರಡು ಪ್ರಶ್ನೆಗಳನ್ನು ಒಟ್ಟಿಗೇ ಕೇಳಿಕೊಳ್ಳಿ. ಕಂಕುಳಲ್ಲಿ ಮಗು ಇದ್ದಾಗ ಇನ್ನೊಂದು ಕೈಯಿಂದ ಇದನ್ನು ಮಡಚಿ ಎತ್ತಬಹುದೇ? ಒಡೆದ ಫುಟ್‌ಪಾತ್ ಮೇಲೆ ಇದರ ಚಕ್ರ ಉರುಳೀತೇ? ಮೊದಲನೆಯದಕ್ಕೆ ಗಾಡಿ ಹಗುರವಾಗಿ ಚಿಕ್ಕದಾಗಿರಬೇಕು, ಎರಡನೆಯದಕ್ಕೆ ಚಕ್ರ ದೊಡ್ಡದಿದ್ದು ಚೌಕಟ್ಟು ಗಟ್ಟಿಯಾಗಿರಬೇಕು. ಎರಡನ್ನೂ ಪೂರ್ತಿಯಾಗಿ ಕೊಡುವ ಗಾಡಿ ಸಿಗುವುದಿಲ್ಲ. ಎಲ್ಲಿ ಬಿಟ್ಟುಕೊಡಬಹುದು, ಎಲ್ಲಿ ಕೂಡದು ಎಂದು ತಿಳಿದಿದ್ದರೆ ಆಯ್ಕೆ ಸುಲಭವಾಗುತ್ತದೆ.

ಯಾವಾಗ ಕೊಳ್ಳಬೇಕು

ನಾಮಕರಣಕ್ಕೆ ಸ್ಟ್ರೋಲರ್ ಉಡುಗೊರೆ ಕೊಡುವುದು ಈಗ ಹೆಚ್ಚಾಗಿದೆ. ಆದರೆ ಹೆರಿಗೆಗೆ ತವರಿಗೆ ಹೋದ ಬಾಣಂತಿ ಮಗುವಿನೊಂದಿಗೆ ಮೂರರಿಂದ ಐದು ತಿಂಗಳು ಅಲ್ಲೇ ಇರುತ್ತಾಳೆ. ಆರು, ಹತ್ತು, ಹದಿನಾಲ್ಕನೇ ವಾರದ ಲಸಿಕೆಗಳಿಗೆ ಮಗುವನ್ನು ಮಡಿಲಲ್ಲಿಟ್ಟುಕೊಂಡೇ ಹೋಗಿಬರುತ್ತಾರೆ. ಗಾಡಿಯ ನಿಜವಾದ ಬಳಕೆ ಶುರುವಾಗುವುದು ಮಗು ಕತ್ತು ನಿಲ್ಲಿಸಿ ಆಸರೆಯಿಲ್ಲದೆ ಕೂರತೊಡಗಿದ ಮೇಲೆ, ಅಂದರೆ ಸುಮಾರು ಆರು ತಿಂಗಳಿಗೆ. ಅಲ್ಲಿಯವರೆಗೆ ಕಾಯಲು ಸಾಧ್ಯವಿದ್ದರೆ ಕಾಯಿರಿ, ಆಯ್ಕೆ ಹಿಗ್ಗುತ್ತದೆ.

ಮೊದಲೇ ಬೇಕೆಂದರೆ ಬೆನ್ನಿನ ಭಾಗ ಹೆಚ್ಚುಕಡಿಮೆ ಚಪ್ಪಟೆಯಾಗಿ ಒರಗಲೇಬೇಕು. ಯುರೋಪಿನ ಇಎನ್ 1888 ಮಾನದಂಡದಲ್ಲಿ ಆರು ತಿಂಗಳೊಳಗಿನ ಮಗುವಿಗೆ ಸೀಟಿಗೂ ಬೆನ್ನಿನ ಭಾಗಕ್ಕೂ ನಡುವಿನ ಕೋನ ಕನಿಷ್ಠ 150 ಡಿಗ್ರಿ ಇರಬೇಕು ಎಂದಿದೆ. ಕಾರಣ ಸರಳ. ನೆಟ್ಟಗಿನ ಸೀಟಿನಲ್ಲಿ ಎಳೆಗೂಸಿನ ತಲೆ ಮುಂದಕ್ಕೆ ವಾಲಿ ಗದ್ದ ಎದೆಗೆ ತಾಗುತ್ತದೆ, ಉಸಿರಿನ ದಾರಿ ಕಿರಿದಾಗುತ್ತದೆ. ಪೆಟ್ಟಿಗೆಯ ಮೇಲೆ ‘0+’ (ಹುಟ್ಟಿದಾಗಿನಿಂದಲೇ ಬಳಸಬಹುದು) ಎಂದು ಬರೆದಿದ್ದರೂ ಸೀಟನ್ನು ಪೂರ್ತಿ ಒರಗಿಸಿ ಕಣ್ಣಾರೆ ನೋಡಿ. ಬಟ್ಟೆ ಜೋಲುಬಿದ್ದು ಮಧ್ಯದಲ್ಲಿ ಗುಂಡಿಯಾಗುವ ಸೀಟು ಬೇಡ.

ಮಡಚಿದಾಗಿನ ಅಳತೆ

ಪುಟ್ಟ ಗಾಡಿಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ಕೊಡೆಯಂತೆ ಉದ್ದಕ್ಕೆ ಮಡಚುವುದು. ಯುದ್ಧವಿಮಾನದ ಚಕ್ರಗಳ ಕಾಲುಕಟ್ಟು ವಿನ್ಯಾಸ ಮಾಡುತ್ತಿದ್ದ ಬ್ರಿಟಿಷ್ ಎಂಜಿನಿಯರ್ ಓವನ್ ಮೆಕ್ಲಾರೆನ್ 1965ರಲ್ಲಿ ರೂಪಿಸಿದ ಅಲ್ಯೂಮಿನಿಯಂ ಗಾಡಿಯಿಂದ ಬಂದದ್ದು ಇದು. ಹಗುರ, ಅಗ್ಗ. ಆದರೆ ಮಡಚಿದ ಮೇಲೆ ಸುಮಾರು ಒಂದು ಮೀಟರ್ ಉದ್ದದ ಕಟ್ಟಾಗುತ್ತದೆ, ಆಟೊದಲ್ಲಿ ಓರೆಯಾಗಿ ನಿಂತು ತುದಿ ಹೊರಗೆ ಚಾಚುತ್ತದೆ. ಇನ್ನೊಂದು ಮೂರು ಮಡಿಕೆಯಾಗಿ ಸೂಟ್‌ಕೇಸಿನ ಆಕಾರಕ್ಕೆ ಬರುವುದು. ಇದರ ಅಳತೆ ಸುಮಾರು 55 × 45 × 25 ಸೆಂ.ಮೀ., ತೂಕ ಆರರಿಂದ ಎಂಟು ಕೆ.ಜಿ. ಆಟೊ, ಬಸ್ಸು, ಮಹಡಿ ಮನೆ, ಈ ಮೂರರಲ್ಲಿ ಒಂದಿದ್ದರೂ ಎರಡನೆಯ ಬಗೆಯನ್ನೇ ಕೊಳ್ಳಿ.

‘ವಿಮಾನದ ಕ್ಯಾಬಿನ್ನಿಗೆ ಹಿಡಿಯುತ್ತದೆ’ ಎಂಬ ಮಾತಿಗೆ ಮರುಳಾಗಿ ಚಕ್ರವನ್ನು ಬಲಿಕೊಡಬೇಡಿ. ನಿಮಗೆ ದಿನವೂ ಬೇಕಾದ ಅಳತೆ ಬೇರೆ. ಆಟೊದಲ್ಲಿ ಸೀಟಿಗೂ ಚಾಲಕನ ಹಿಂದಿನ ಅಡ್ಡಗಂಬಿಗೂ ನಡುವೆ ಎಷ್ಟು ಜಾಗವಿದೆ? ಕಾರಿಗೆ ಸಿಎನ್‌ಜಿ ಸಿಲಿಂಡರ್ ಹಾಕಿಸಿದ್ದರೆ ಡಿಕ್ಕಿಯಲ್ಲಿ ಉಳಿದ ಜಾಗವೆಷ್ಟು? ಬಾಗಿಲ ಹಿಂದೆಯೋ ಮಂಚದ ಕೆಳಗೋ ಇಡುವುದಾದರೆ ಅಲ್ಲಿ ಎಷ್ಟಿದೆ? ಟೇಪು ಹಿಡಿದು ಅಳೆದು, ಚೀಟಿಯಲ್ಲಿ ಬರೆದುಕೊಂಡು ಅಂಗಡಿಗೆ ಹೋಗಿ. ಮನೆಯಲ್ಲಿ ಸ್ಕೂಟರ್ ಮಾತ್ರ ಇದ್ದರೆ ಒಂದು ಮಾತು: ಮಡಚಿದ ಸ್ಟ್ರೋಲರನ್ನು ಕಾಲಿನ ಬಳಿ ಸಿಕ್ಕಿಸಿ, ಮಗುವನ್ನು ಹಿಂದೆ ಕೂತವರ ಮಡಿಲಲ್ಲಿಟ್ಟುಕೊಂಡು ಹೋಗುವುದು ಅಪಾಯ. ಅಂಥ ಮನೆಗೆ ಗಾಡಿ ನಡೆದು ಹೋಗುವ ದೂರಕ್ಕಷ್ಟೇ ಎಂದುಕೊಳ್ಳಿ.

ಶಕ್ತಿ ಯೋಜನೆ ಬಂದ ಮೇಲೆ ಬಸ್ಸುಗಳಲ್ಲಿ ಹೆಂಗಸರ ಓಡಾಟ ಹೆಚ್ಚಿದೆ, ನಿಲ್ಲಲೂ ಜಾಗವಿಲ್ಲದ ಹೊತ್ತೂ ಇರುತ್ತದೆ. ಬಸ್ಸಿನ ಮೆಟ್ಟಿಲೂ ಎತ್ತರ. ಇಲ್ಲಿ ಹೆಗಲಿಗೆ ಹಾಕಿಕೊಳ್ಳುವ ಪಟ್ಟಿ ಇದೆಯೇ, ಮಡಚಿದ ಗಾಡಿ ಯಾವುದಕ್ಕೂ ಒರಗದೆ ತಾನೇ ನಿಲ್ಲುತ್ತದೆಯೇ ಎಂಬುದು ದೊಡ್ಡ ಸಂಗತಿ.

ಚಕ್ರ

ಅತಿ ಹೆಚ್ಚು ಗಮನ ಕೊಡಬೇಕಾದ ಭಾಗ ಇದು. ಗಾಡಿ ಚಿಕ್ಕದಾಗಲಿ ಎಂದು ತಯಾರಕರು ಮೊದಲು ಕುಗ್ಗಿಸುವುದೂ ಇದನ್ನೇ. ಅಂಗಡಿಯ ಟೈಲ್ಸ್ ನೆಲದ ಮೇಲೆ ಐದು ಇಂಚಿನ ಚಕ್ರವೂ ಬೆಣ್ಣೆಯಂತೆ ಓಡುತ್ತದೆ. ರಸ್ತೆಗೂ ಫುಟ್‌ಪಾತಿಗೂ ನಡುವೆ ಮೂರು ಸೆಂಟಿಮೀಟರ್ ಅಂಚು ಬಂದಾಗ ಲೆಕ್ಕ ಬದಲಾಗುತ್ತದೆ. ಐದು ಇಂಚಿನ ಚಕ್ರವನ್ನು ನೇರವಾಗಿ ತಳ್ಳಿ ಅಷ್ಟು ಎತ್ತರ ಏರಿಸಲು, ಆ ಚಕ್ರದ ಮೇಲಿರುವ ಭಾರದ ಸುಮಾರು 1.6 ಪಟ್ಟು ಬಲ ಬೇಕು. ಏಳು ಇಂಚಿನದಕ್ಕೆ ಸುಮಾರು 1.13 ಪಟ್ಟು ಸಾಕು. ಎರಡು ಇಂಚಿನ ವ್ಯತ್ಯಾಸಕ್ಕೆ ಶ್ರಮ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಇಳಿಯಿತು. ಆ ಬಲ ಸಾಲದಿದ್ದಾಗ ಮುಂದಿನ ಚಕ್ರ ಅಂಚಿಗೆ ಬಡಿದು ನಿಂತುಬಿಡುತ್ತದೆ, ಹಿಂದಿನಿಂದ ತಳ್ಳುತ್ತಿರುವುದರಿಂದ ಇಡೀ ಗಾಡಿ ಮುಂದಕ್ಕೆ ಮುಗ್ಗರಿಸುತ್ತದೆ. ಆದ್ದರಿಂದ ಮುಂದಿನ ಚಕ್ರ ಆರು ಇಂಚಿಗಿಂತ ಚಿಕ್ಕದಿದ್ದರೆ ಬೇರೆ ಗಾಡಿ ನೋಡಿ. ಮುಂದೆ ಆರು, ಹಿಂದೆ ಏಳು ಇಂಚು ಇದ್ದರೆ ನಮ್ಮ ರಸ್ತೆಗೆ ಸರಿ. ಅದಕ್ಕಾಗಿ ಒಂದು ಕೆ.ಜಿ. ತೂಕ ಹೆಚ್ಚಾದರೂ ಒಪ್ಪಿಕೊಳ್ಳಬಹುದು.

ದೊಡ್ಡ ಚಕ್ರವಿದ್ದರೂ ಅಂಚಿಗೆ ಎದುರಾಗಿ ನುಗ್ಗಿಸಬೇಡಿ. ಹ್ಯಾಂಡಲನ್ನು ಕೆಳಕ್ಕೆ ಒತ್ತಿ ಮುಂದಿನ ಚಕ್ರ ಎತ್ತಿ ಮೇಲಿಟ್ಟು, ಆಮೇಲೆ ಹಿಂದಿನದನ್ನು ಏರಿಸಿ. ಎತ್ತರ ಹೆಚ್ಚಿದ್ದರೆ ಗಾಡಿ ತಿರುಗಿಸಿ ಹಿಂದಿನ ಚಕ್ರಗಳನ್ನು ಮೊದಲು ಎಳೆದುಕೊಳ್ಳಿ. ಒತ್ತಿದಾಗ ಹ್ಯಾಂಡಲು ಬಿಲ್ಲಿನಂತೆ ಬಾಗುವ ಗಾಡಿಯಲ್ಲಿ ಇದು ಆಗದು. ಅಂಗಡಿಯಲ್ಲೇ ಒತ್ತಿ ನೋಡಿ.

ಚರಂಡಿ ಚಪ್ಪಡಿಗಳ ನಡುವಿನ ಸಂದು ಇನ್ನೊಂದು ತೊಡಕು. ಎರಡು ಸೆಂ.ಮೀ. ಅಗಲದ ತೆಳು ಚಕ್ರ ಅದರೊಳಗೆ ಇಳಿದು ಸಿಕ್ಕಿಕೊಳ್ಳುತ್ತದೆ. ಅಗಲವಾದ ಒಂಟಿ ಚಕ್ರವೋ ಜೋಡಿ ಚಕ್ರವೋ ಇದ್ದರೆ ದಾಟುತ್ತದೆ. ಆದರೆ ಜೋಡಿ ಚಕ್ರದ ನಡುವೆ ಜಲ್ಲಿಕಲ್ಲು ಸಿಕ್ಕಿಕೊಳ್ಳುವುದುಂಟು, ಆಗಾಗ ನೋಡಿ ತೆಗೆಯಬೇಕು. ಸಂದನ್ನು ಯಾವಾಗಲೂ ಓರೆಯಾಗಿ ದಾಟಿಸಿ.

ಚಕ್ರ ಯಾವುದರದ್ದು ಎಂಬುದನ್ನು ಉಗುರಿನಿಂದ ಒತ್ತಿ ತಿಳಿಯಬಹುದು. ಗಟ್ಟಿ ಪ್ಲಾಸ್ಟಿಕ್ ಬೇಡ, ಸದ್ದು ಮಾಡುತ್ತದೆ, ಒದ್ದೆ ನೆಲದಲ್ಲಿ ಜಾರುತ್ತದೆ. ಇವಿಎ ಫೋಮ್ ಹಗುರ, ಸಾಕಷ್ಟು ಮೆತ್ತಗೆ, ಆದರೆ ಒರಟು ಕಾಂಕ್ರೀಟಿನಲ್ಲಿ ಬೇಗ ಸವೆಯುತ್ತದೆ. ಪಿಯು (ಪಾಲಿಯುರೆಥೇನ್) ಅಥವಾ ರಬ್ಬರ್ ಹೊದಿಕೆಯದು ತುಸು ಭಾರ, ಬಾಳಿಕೆ ಹೆಚ್ಚು. ಮುಂದಿನ ಚಕ್ರ ಸುತ್ತಲೂ ತಿರುಗುವಂತಿದ್ದರೆ ಅದನ್ನು ನೇರಕ್ಕೆ ಲಾಕ್ ಮಾಡುವ ಗುಂಡಿಯೂ ಇರಬೇಕು. ಕಲ್ಲುದಾರಿಯಲ್ಲಿ ಲಾಕ್ ಮಾಡದಿದ್ದರೆ ಚಕ್ರ ಅಡ್ಡಕ್ಕೆ ತಿರುಗಿ ತಡೆಯುತ್ತದೆ. ಚಕ್ರವನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿ. ಹೊಸದರಲ್ಲೇ ಲಟಲಟ ಎಂದರೆ ಮುಂದೆ ಇನ್ನೂ ಸಡಿಲವಾಗಿ, ವೇಗವಾಗಿ ನಡೆದಾಗ ಗಡಗಡ ನಡುಗುತ್ತದೆ.

ಬ್ರೇಕು, ಬೆಲ್ಟು, ಮಡಿಕೆಯ ಲಾಕು

ಹಾಸನದ ಮಹಾರಾಜ ಪಾರ್ಕಿನ ಒಳಗೆ ಬ್ರೇಕಿನ ಬೆಲೆ ತಿಳಿಯುವುದಿಲ್ಲ. ಚಿಕ್ಕಮಗಳೂರಿನ ಏರಿಳಿತದ ಬೀದಿಯಲ್ಲಿ ತಕ್ಷಣ ತಿಳಿಯುತ್ತದೆ. ಹೆಚ್ಚಿನ ಗಾಡಿಗಳಲ್ಲಿ ಬ್ರೇಕ್ ಒತ್ತಿದಾಗ ಪಿನ್ನೊಂದು ಹಿಂದಿನ ಚಕ್ರದ ಹಲ್ಲುಗಳ ನಡುವೆ ಇಳಿಯುತ್ತದೆ. ಪಿನ್ ಹಲ್ಲಿನ ತುದಿಯ ಮೇಲೆ ಕೂತರೆ ಪೆಡಲು ಕೆಳಗಿಳಿದರೂ ಬ್ರೇಕ್ ಹಿಡಿದಿರುವುದಿಲ್ಲ. ಅದಕ್ಕೇ ಬ್ರೇಕ್ ಹಾಕಿದ ಮೇಲೆ ಗಾಡಿಯನ್ನು ಹಿಂದೆ ಮುಂದೆ ಒಮ್ಮೆ ಅಲುಗಿಸಿ, ಟಕ್ಕೆಂದು ಕೂತದ್ದು ಖಚಿತವಾದ ಮೇಲೆ ಕೈ ಬಿಡಿ. ಒಂದೇ ಪೆಡಲಿನಿಂದ ಎರಡೂ ಚಕ್ರ ಹಿಡಿಯುವ ಬ್ರೇಕ್ ಉತ್ತಮ, ಬೇರೆಬೇರೆ ಇದ್ದರೆ ಒಂದನ್ನು ಹಾಕಲು ಮರೆಯುವುದು ಸಹಜ. ಮಗುವನ್ನು ಸಂಜೆ ತಿರುಗಾಡಿಸುವವರು ಬಹುಪಾಲು ಅಜ್ಜಿ ತಾತಂದಿರು, ಅವರ ಕಾಲಲ್ಲಿರುವುದು ಚಪ್ಪಲಿ. ಬಿಡಿಸಲು ಕಾಲ್ಬೆರಳಿನಿಂದ ಮೇಲಕ್ಕೆತ್ತಬೇಕಾದ ಪೆಡಲು ಅವರ ಬೆರಳು ನೋಯಿಸುತ್ತದೆ, ಕ್ರಮೇಣ ಅವರು ಬ್ರೇಕ್ ಹಾಕುವುದನ್ನೇ ಬಿಡುತ್ತಾರೆ. ಒತ್ತಿದರೆ ಹಿಡಿದು, ಮತ್ತೆ ಒತ್ತಿದರೆ ಬಿಡುವಂಥದ್ದನ್ನು ಹುಡುಕಿ.

ಬೆಲ್ಟು ಐದು ಕಡೆಯದೇ ಆಗಬೇಕು: ಎರಡು ಹೆಗಲು, ಎರಡು ಸೊಂಟ, ಒಂದು ತೊಡೆಗಳ ನಡುವೆ. ಸೊಂಟಕ್ಕೆ ಮಾತ್ರ ಇದ್ದರೆ ಮಗು ನಿದ್ದೆಯಲ್ಲಿ ಕೆಳಕ್ಕೆ ಜಾರಿ ಬೆಲ್ಟು ಕುತ್ತಿಗೆಗೆ ಬರುತ್ತದೆ. ಬಿಗಿ ಸರಿಯಿದೆಯೇ ಎಂದು ನೋಡಲು ಎದೆಗೂ ಪಟ್ಟಿಗೂ ನಡುವೆ ಎರಡು ಬೆರಳು ತೂರಿಸಿ, ಅಷ್ಟೇ ಸಡಿಲ ಸಾಕು. ಡಿಸೆಂಬರಿನ ಚಳಿಯಲ್ಲಿ ದಪ್ಪ ಸ್ವೆಟರ್ ಹಾಕಿದ ದಿನ ಪಟ್ಟಿಯ ಉದ್ದವನ್ನು ಹೊಸದಾಗಿ ಹೊಂದಿಸಬೇಕು. ಗಾಡಿಯಲ್ಲಿ ನಿದ್ದೆಹೋದ ಮಗುವನ್ನು ಮನೆಗೆ ಬಂದ ಮೇಲೆ ಹಾಸಿಗೆಗೆ ಮಲಗಿಸಿ, ಹಾಗೇ ಬಿಟ್ಟು ಒಳಗೆ ಹೋಗಬೇಡಿ.

ಮಡಿಕೆಯ ಕೀಲುಗಳ ಬಗ್ಗೆ ಎಚ್ಚರವಿರಲಿ. 2009ರ ನವೆಂಬರಿನಲ್ಲಿ ಅಮೆರಿಕದಲ್ಲಿ ಮೆಕ್ಲಾರೆನ್ ಕಂಪನಿಯ ಸುಮಾರು ಹತ್ತು ಲಕ್ಷ ಗಾಡಿಗಳನ್ನು ಹಿಂದಕ್ಕೆ ಕರೆಯಬೇಕಾಯಿತು. ಬಿಚ್ಚುವಾಗ ಕೀಲಿಗೆ ಸಿಕ್ಕಿ ಮಕ್ಕಳ ಬೆರಳ ತುದಿ ಕತ್ತರಿಸಿಹೋದ ಹನ್ನೆರಡು ಪ್ರಕರಣ ವರದಿಯಾಗಿದ್ದವು. ಕೀಲಿಗೆ ಮುಚ್ಚಳವಿದೆಯೇ ನೋಡಿ. ಮಗು ಎಲ್ಲಿದೆ ಎಂದು ನೋಡಿಕೊಂಡೇ ಗಾಡಿ ಬಿಚ್ಚಿ, ಮಡಚಿ. ಬಿಚ್ಚಿದ ಮೇಲೆ ಲಾಕ್ ಬಿದ್ದ ಸದ್ದು ಕೇಳಿ, ಹ್ಯಾಂಡಲನ್ನು ಒಮ್ಮೆ ಒತ್ತಿ ಪರೀಕ್ಷಿಸಿದ ಮೇಲಷ್ಟೇ ಮಗುವನ್ನು ಕೂರಿಸಿ. ಬಟನ್ ಒಂದೇ ಇದ್ದು ಕೈ ತಾಗಿದರೂ ಮಡಚಿಕೊಳ್ಳುವ ಗಾಡಿ ಬೇಡ, ಎರಡನೆಯ ತಡೆ ಇರಲೇಬೇಕು.

ಚೀಲ, ಬಿಸಿಲು, ಮಳೆ

ಏಳು ಕೆ.ಜಿ. ಗಾಡಿಯ ಹ್ಯಾಂಡಲಿಗೆ ಮೂರು ಕೆ.ಜಿ. ತರಕಾರಿ ಚೀಲ ತೂಗುಹಾಕಿದರೆ, ಮಗುವನ್ನು ಎತ್ತಿಕೊಂಡ ಕ್ಷಣ ಗಾಡಿ ಹಿಂದಕ್ಕೆ ಮಗುಚುತ್ತದೆ. ಹಗುರ ಗಾಡಿಗಳಲ್ಲಿ ಮಗು ಒಳಗಿದ್ದಾಗಲೇ ಹೀಗಾಗಬಹುದು. ಸಾಮಾನು ಸೀಟಿನ ಕೆಳಗಿನ ಬುಟ್ಟಿಗೇ ಹೋಗಲಿ, ಅದೂ ಲೇಬಲ್ಲಿನಲ್ಲಿ ಹೇಳಿದಷ್ಟೇ ತೂಕ. ಮಾರುಕಟ್ಟೆಗೆ ಗಾಡಿ ಒಯ್ಯುವ ಯೋಚನೆಯಿದ್ದರೆ, ಸೀಟು ಒರಗಿಸಿದಾಗಲೂ ಬುಟ್ಟಿಗೆ ಕೈ ಹೋಗುತ್ತದೆಯೇ ನೋಡಿಕೊಳ್ಳಿ. ಹ್ಯಾಂಡಲಿನ ಎತ್ತರ ನೆಲದಿಂದ ನೂರು ಸೆಂ.ಮೀ. ಆಸುಪಾಸಿನಲ್ಲಿದ್ದರೆ ಬಹಳಷ್ಟು ಮಂದಿಗೆ ಬೆನ್ನು ಬಗ್ಗಿಸದೆ ತಳ್ಳಲು ಆಗುತ್ತದೆ.

ನೆರಳಿನ ಛಾವಣಿ ಮಗುವಿನ ಮೊಣಕಾಲಿನವರೆಗಾದರೂ ಬರಬೇಕು. ಛಾವಣಿ ಗಿಡ್ಡವೆಂದು ಮೇಲೆ ಸೀರೆಯನ್ನೋ ಟವೆಲನ್ನೋ ಹೊದಿಸುವುದು ಎಲ್ಲೆಡೆ ಕಾಣುತ್ತದೆ, ದಯವಿಟ್ಟು ಮಾಡಬೇಡಿ. ಗಾಳಿ ನಿಂತು ಒಳಗೆ ಬಿಸಿ ಬೇಗ ಏರುತ್ತದೆ, ಮಗುವಿನ ಮುಖವೂ ಕಾಣದು. ಮಳೆಯ ಪ್ಲಾಸ್ಟಿಕ್ ಹೊದಿಕೆಗೂ ಇದೇ ಮಾತು: ಪಕ್ಕದಲ್ಲಿ ಗಾಳಿಕಿಂಡಿಗಳಿರಬೇಕು, ಮಳೆ ನಿಂತ ಕೂಡಲೇ ತೆಗೆಯಬೇಕು.

ಗಾಡಿ ಬೇಡವಾದ ಜಾಗಗಳೂ ಇವೆ. ಹಾಸನಾಂಬೆಯ ದರ್ಶನದ ಸಾಲು, ಬೇಲೂರು ಹಳೇಬೀಡಿನ ಮೆಟ್ಟಿಲು ಮತ್ತು ಕಲ್ಲುಹಾಸು, ಸಂತೆಯ ದಿನದ ನೂಕುನುಗ್ಗಲು. ಅಲ್ಲಿಗೆ ಎದೆಗೆ ಕಟ್ಟಿಕೊಳ್ಳುವ ಕ್ಯಾರಿಯರ್ ಅಥವಾ ಸೊಂಟವೇ ಸರಿ.

ಅಂಗಡಿಯಲ್ಲಿ ಹೀಗೆ ಪರೀಕ್ಷಿಸಿ

ದಿನಾ ತಳ್ಳುವವರನ್ನು ಜೊತೆಗೆ ಕರೆದೊಯ್ಯಿರಿ. ಅಂಗಡಿಯವರು ಮಡಚಿ ತೋರಿಸುವುದನ್ನು ನೋಡಿದರೆ ಸಾಲದು, ಎಡಗೈಯಲ್ಲಿ ಏನಾದರೂ ಭಾರ ಹಿಡಿದು ನೀವೇ ಮಡಚಿ, ಬಿಚ್ಚಿ. ಸೀಟಿನಲ್ಲಿ ಹತ್ತು ಕೆ.ಜಿ. ಅಕ್ಕಿ ಮೂಟೆ ಇಟ್ಟು ಬೆಲ್ಟು ಹಾಕಿ, ಸರಿಸುಮಾರು ಒಂದು ವರ್ಷದ ಮಗುವಿನ ತೂಕ ಅದು. ಬಾಗಿಲ ಹೊರಗಿನ ಇಳಿಜಾರಿನಲ್ಲಿ ಬ್ರೇಕ್ ಹಾಕಿ ಕೈ ಬಿಟ್ಟು ನೋಡಿ. ಒಂದೇ ಕೈಯಲ್ಲಿ ನೇರವಾಗಿ ತಳ್ಳಿದಾಗ ಗಾಡಿ ಪಕ್ಕಕ್ಕೆ ಎಳೆಯುತ್ತದೆಯೇ ಗಮನಿಸಿ. ಲೇಬಲ್ಲಿನಲ್ಲಿ ಎಷ್ಟು ತೂಕದವರೆಗೆ ಎಂದು ಓದಿ. 15 ಕೆ.ಜಿ. ಎಂದಿದ್ದರೆ ಮೂರು ಮೂರೂವರೆ ವರ್ಷದವರೆಗೆ, 22 ಎಂದಿದ್ದರೆ ಇನ್ನೂ ಮುಂದಕ್ಕೆ. ಆನ್‌ಲೈನಿನಲ್ಲಿ ತರಿಸುವುದಾದರೆ ಹಿಂತಿರುಗಿಸುವ ಅವಧಿ ಮುಗಿಯುವ ಮೊದಲು ಇದೆಲ್ಲವನ್ನೂ ಮನೆಯಲ್ಲೇ ಮಾಡಿ, ಪೆಟ್ಟಿಗೆ ಎಸೆಯಬೇಡಿ. ಬಿಡಿ ಚಕ್ರ, ಬಕಲ್ ಸಿಗುತ್ತವೆಯೇ ಎಂದು ಕೊಳ್ಳುವ ಮೊದಲೇ ಕೇಳಿ.

ನೆಂಟರ ಮನೆಯಿಂದ ಬಂದ ಹಳೆಯ ಗಾಡಿ ಚೆನ್ನಾಗಿಯೇ ಇರಬಹುದು. ಕೀಲುಗಳ ಸುತ್ತ ಪ್ಲಾಸ್ಟಿಕ್ ಬಿರುಕು, ಬೆಲ್ಟಿನ ಅಂಚು ಸವೆತ, ಬ್ರೇಕಿನ ಹಲ್ಲು ಮುರಿದಿರುವುದು, ಈ ಮೂರರಲ್ಲಿ ಯಾವುದು ಕಂಡರೂ ಬಳಸಬೇಡಿ.

ಮಳೆಗಾಲದ ಆರೈಕೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಗಾಡಿ ಕೆಡುವುದು ಬಳಕೆಯಿಂದಲ್ಲ, ತೇವದಿಂದ. ಒದ್ದೆಯಾದುದನ್ನು ಮಡಚಿಟ್ಟರೆ ಮೂರ್ನಾಲ್ಕು ದಿನದಲ್ಲಿ ಬಟ್ಟೆಗೆ ಬೂಸ್ಟು ಹಿಡಿಯುತ್ತದೆ. ಬಿಚ್ಚಿದ ಸ್ಥಿತಿಯಲ್ಲೇ ಫ್ಯಾನಿನ ಕೆಳಗೆ ಒಣಗಿಸಿ. ಕೊಳ್ಳುವಾಗಲೇ ಸೀಟಿನ ಬಟ್ಟೆ ಬಿಡಿಸಿ ಒಗೆಯಬಹುದೇ ನೋಡಿರಬೇಕು. ಚಕ್ರದ ಅಚ್ಚಿಗೆ ಸುತ್ತಿದ ಕೂದಲು, ದಾರ, ಕೆಸರನ್ನು ವಾರಕ್ಕೊಮ್ಮೆ ತೆಗೆದು ಒಣಬಟ್ಟೆಯಿಂದ ಒರೆಸಿ. ಕಿರುಗುಟ್ಟಿದರೆ ತೆಂಗಿನೆಣ್ಣೆಯನ್ನಾಗಲಿ ಹೊಲಿಗೆ ಯಂತ್ರದ ಎಣ್ಣೆಯನ್ನಾಗಲಿ ಬಿಡಬೇಡಿ, ಧೂಳು ಅಂಟಿ ಅರದಂತೆ ಅಚ್ಚನ್ನು ಸವೆಸುತ್ತದೆ. ಸಿಲಿಕೋನ್ ಸ್ಪ್ರೇ ಒಂದೆರಡು ಸಲ ಹೊಡೆದು ಹೆಚ್ಚಿನದನ್ನು ಒರೆಸಿ, ಬ್ರೇಕಿನ ಹಲ್ಲುಗಳಿಗೆ ತಾಗದಂತೆ ನೋಡಿಕೊಳ್ಳಿ. ತಿಂಗಳಿಗೊಮ್ಮೆ ಸ್ಕ್ರೂಗಳನ್ನು ಬಿಗಿ ಮಾಡುವಾಗ ತುಕ್ಕು ಹಿಡಿದದ್ದು ಕಂಡರೆ ಅದೇ ಅಳತೆಯ ಸ್ಟೇನ್‌ಲೆಸ್ ಸ್ಟೀಲಿನದನ್ನು ಹಾರ್ಡ್‌ವೇರ್ ಅಂಗಡಿಯಿಂದ ತಂದು ಹಾಕಿ.