ಗಿಂಪ್‌ನಲ್ಲಿ ಗೆರೆ ಕಾಣದ ಹಿನ್ನೆಲೆ ಮಾಡಿದ್ದು: ನನ್ನ ಅನುಭವ

ಬಿರುಕು ಬಿಟ್ಟ ಗೋಡೆಯ ಫೋಟೋ ಒಂದನ್ನು ವೆಬ್ ಪುಟದ ಹಿನ್ನೆಲೆಗೆ, ಅದೇ ಚಿತ್ರ ಪಕ್ಕಪಕ್ಕ ಮತ್ತೆ ಮತ್ತೆ ಬರುವ ಹಾಗೆ ಹಾಕಿದೆ. ಪುಟ ಬಚ್ಚಲುಮನೆಯ ಟೈಲ್ಸ್ ಥರ ಆಯಿತು. ಚೌಕ ಚೌಕ, ನಡುನಡುವೆ ಗೆರೆ. ಬಲಗಡೆ ಅಂಚು ಎಡಗಡೆಯದಕ್ಕೆ ಕೂಡುವುದಿಲ್ಲ, ಮೇಲಿನದು ಕೆಳಗಿನದಕ್ಕೆ ಕೂಡುವುದಿಲ್ಲ, ಇನ್ನೇನಾಗುತ್ತೆ?

ಮೊದಲು ಸೋಮಾರಿ ದಾರಿ ಹಿಡಿದೆ. ಚಿತ್ರ ತಿದ್ದುವ ಸಾಫ್ಟ್‌ವೇರ್ ಗಿಂಪ್‌ನ ಫಿಲ್ಟರ್ಸ್ ಮೆನುವಿನ ಮ್ಯಾಪ್ ಒಳಗೆ ಟೈಲ್ ಸೀಮ್‌ಲೆಸ್ ಅಂತ ಇದೆ. ಗೆರೆಯೇನೋ ಹೋಯಿತು. ಆದರೆ ಅದು ಚಿತ್ರದ ಮೇಲೆ ಅದೇ ಚಿತ್ರವನ್ನು ಸರಿಸಿಟ್ಟು ಬೆರೆಸುತ್ತದೆ, ಹಾಗಾಗಿ ಒಂದೊಂದು ಬಿರುಕಿಗೂ ಮಸುಕಾದ ಒಬ್ಬ ತಮ್ಮ ಹುಟ್ಟಿಕೊಂಡ. ಮೋಡ, ಮರಳು ಅಂಥದ್ದಕ್ಕೆ ಪರವಾಗಿಲ್ಲ, ಗೋಡೆಗೆ ಆಗಲ್ಲ.

ಕೈಯಲ್ಲೇ ಮಾಡೋಣ ಅಂತ ಚಿತ್ರವನ್ನು 512 x 512 ಪಿಕ್ಸೆಲ್‌ಗೆ ಕತ್ತರಿಸಿದೆ. ಲೇಯರ್ ಮೆನುವಿನ ಟ್ರಾನ್ಸ್‌ಫಾರ್ಮ್‌ನಲ್ಲಿ ಆಫ್‌ಸೆಟ್ ತೆಗೆದು, ರ‍್ಯಾಪ್ ಅರೌಂಡ್ (ಒಂದು ಕಡೆ ಹೊರಗೆ ಹೋದದ್ದು ಎದುರು ಕಡೆಯಿಂದ ಒಳಗೆ ಬರುವ ಆಯ್ಕೆ) ಆರಿಸಿ, ಎರಡೂ ಕಡೆ 256 ಸರಿಸಿದೆ. ಆಗ ಹೊರಗಿನ ಅಂಚುಗಳೆಲ್ಲ ಒಳಗೆ ಬಂದು ನಟ್ಟನಡುವೆ ಕೂಡಿಸುವ ಗುರುತಿನ (+) ಹಾಗೆ ನಿಲ್ಲುತ್ತವೆ. ಈಗ ಹೊರಗಿರುವ ಅಂಚುಗಳು ಮೊದಲು ಚಿತ್ರದ ಮಧ್ಯದಲ್ಲಿ ಅಕ್ಕಪಕ್ಕ ಇದ್ದವು, ಅವು ತಾವಾಗೇ ಕೂಡುತ್ತವೆ. ಅಳಿಸಬೇಕಾದ್ದು ನಡುವಿನ ಗುರುತು ಮಾತ್ರ.

ಬಿರುಕಿರುವ ಕಡೆ ಕ್ಲೋನ್ ಟೂಲ್ (ಒಂದು ಜಾಗದ ಚಿತ್ರವನ್ನು ಇನ್ನೊಂದು ಜಾಗಕ್ಕೆ ಹಾಗೇ ನಕಲು ಮಾಡುತ್ತದೆ), ಬರೀ ಬಣ್ಣದ ವ್ಯತ್ಯಾಸ ಇರುವ ಕಡೆ ಹೀಲ್ ಟೂಲ್ (ನಕಲನ್ನು ಸುತ್ತಲಿನ ಬಣ್ಣಕ್ಕೆ ಹೊಂದಿಸುತ್ತದೆ). ಮೆತ್ತನೆ ಅಂಚಿನ ಬ್ರಷ್. ಕಂಟ್ರೋಲ್ ಒತ್ತಿಕೊಂಡು ಕ್ಲಿಕ್ ಮಾಡಿ ಎಲ್ಲಿಂದ ನಕಲು ತೆಗೆಯಬೇಕು ಅಂತ ತೋರಿಸೋದು, ಆಮೇಲೆ ತಿದ್ದೋದು. ನಾನು ಎಡವಿದ್ದು ಇಲ್ಲೇ. ಗುರುತಿನ ನಾಲ್ಕು ತುದಿಗಳು ಚಿತ್ರದ ಅಂಚನ್ನು ಮುಟ್ಟುತ್ತವೆ ಅಲ್ವಾ, ಅಲ್ಲಿವರೆಗೂ ಬ್ರಷ್ ಓಡಿಸಿದೆ, ಈ ಕಡೆ ಅಂಚು ಬದಲಾಯಿತು, ಆ ಕಡೆಯದು ಹಾಗೇ ಉಳಿಯಿತು, ಮತ್ತೆ ಗೆರೆ! ಈಗ ತುದಿಗಿಂತ ಸ್ವಲ್ಪ ಮೊದಲೇ ನಿಲ್ಲಿಸುತ್ತೇನೆ. ಇನ್ನೊಮ್ಮೆ 128 ಪಿಕ್ಸೆಲ್ ಸರಿಸಿದರೆ ಉಳಿದ ಚೂರುಗಳು ಒಳಗೆ ಬರುತ್ತವೆ, ಅಲ್ಲಿ ತಿದ್ದಿದರಾಯಿತು.

ಇದಾದ ಮೇಲೂ ಹಿನ್ನೆಲೆಯಲ್ಲಿ ಪಟ್ಟೆ ಪಟ್ಟೆ ಕಾಣುತ್ತಿತ್ತು. ಫೋಟೋದ ಎಡಗಡೆ ಬೆಳಕು ಜಾಸ್ತಿ, ಬಲಗಡೆ ಕಮ್ಮಿ. ಇದು ಕ್ಲೋನ್‌ನಿಂದ ಸರಿಹೋಗುವ ರೋಗ ಅಲ್ಲ. ಎಲ್ಲ ಬಿಟ್ಟು ಮೊದಲಿನಿಂದ ಶುರು ಮಾಡಿದೆ. ಆಫ್‌ಸೆಟ್‌ಗೂ ಮುಂಚೆ ಹೈ ಪಾಸ್ ಫಿಲ್ಟರ್ (ಸಣ್ಣ ವಿವರ ಉಳಿಸಿ, ದೊಡ್ಡ ಜಾಗದ ಬೆಳಕಿನ ಏರಿಳಿತ ತೆಗೆಯುತ್ತದೆ) ಹಾಕಿದೆ, ಬೆಳಕು ಸಮ ಆಯಿತು. ಬಣ್ಣವೂ ಹೋಗಿ ಬೂದು ಆಗುತ್ತದೆ, ಕೊನೆಗೆ ಕಲರೈಜ್‌ನಿಂದ ಬೇಕಾದ ಬಣ್ಣ ಕೊಟ್ಟೆ.

ಪರೀಕ್ಷೆಗೆ ಮ್ಯಾಪ್ ಒಳಗಿನ ಟೈಲ್ ಫಿಲ್ಟರ್‌ನಲ್ಲಿ 1536 x 1536 ಅಂತ ಕೊಟ್ಟು, ಒಂಬತ್ತು ತುಂಡು ಜೋಡಿಸಿ, ದೂರದಿಂದ ನೋಡಿದೆ. ಗೆರೆ ಇಲ್ಲ. ಆದರೆ ಒಂದು ಕಪ್ಪು ಕಲೆ ಮೂರು ಸಾಲಲ್ಲಿ ಮೂರು ಮೂರು ಸಲ, ಶಾಲೆ ಮಕ್ಕಳ ಥರ ಶಿಸ್ತಾಗಿ ನಿಂತಿತ್ತು. ಒಂದೇ ಚಿತ್ರದಲ್ಲಿ ನೋಡಿದಾಗ ಎಷ್ಟು ಚೆನ್ನಾಗಿತ್ತು ಆ ಕಲೆ! ಅದನ್ನೂ ಹೀಲ್ ಮಾಡಿ ತೆಗೆದೆ, ಪಿಎನ್‌ಜಿ ಮಾಡಿ ಉಳಿಸಿದೆ.

ಫೋಟೋ ಅಲ್ಲ, ಕೈಯಲ್ಲೇ ಬಿಡಿಸುತ್ತೀರಿ ಅಂದ್ರೆ ಇಷ್ಟೆಲ್ಲ ಬೇಡ. ಕ್ರಿಟಾ ಅನ್ನೋ ಚಿತ್ರ ಬಿಡಿಸುವ ಸಾಫ್ಟ್‌ವೇರ್‌ನಲ್ಲಿ ಡಬ್ಲ್ಯೂ ಕೀ ಒತ್ತಿ, ಬಲಗಡೆಯಿಂದ ಹೊರಗೆ ಹೋದ ಬ್ರಷ್ ಗೀಟು ಎಡಗಡೆಯಿಂದ ಒಳಗೆ ಬರುತ್ತದೆ.